ಬಿಡುವು ಯಾರಪ್ಪನ ಸ್ವತ್ತು?

ಹೋದ ವರ್ಷ ಯುಗಾದಿಗೆ ಮಗ, ಸೊಸೆ ಬೆಂಗಳೂರಿನಿಂದ ಊರಿಗೆ ಬಂದಿದ್ದರು. ಇಬ್ಬರೂ ಒಂದೇ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದವರು. ಇಬ್ಬರದೂ ಕಂಪ್ಯೂಟರ್ ಕೆಲಸ, ಸಂಬಳವೂ ಹೆಚ್ಚುಕಡಿಮೆ ಒಂದೇ. ಹೋಳಿಗೆ ಊಟ ಮುಗಿದ ಮೇಲೆ ಮಗ ನಡುಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತ. "ಹಬ್ಬದ ದಿನವೂ ಆಫೀಸಿನ ಕೆಲಸವೇನೋ?" ಎಂದೆ. "ಆಫೀಸಿಂದಲ್ಲಮ್ಮ. ಇದು ಮುಕ್ತ ತಂತ್ರಾಂಶ. ಯಾರೂ ಸಂಬಳ ಕೊಡಲ್ಲ. ಪ್ರಪಂಚದವರೆಲ್ಲ ಸೇರಿ ಮಾಡೋದು, ಎಲ್ಲರಿಗೂ ಸೇರಿದ್ದು" ಎಂದ. ನನಗೆ ಎದೆಯುಬ್ಬಿತು. ಎರಡು ಸಲ ಕಾಫಿ ಮಾಡಿಕೊಟ್ಟೆ. ಕುಂಕುಮಕ್ಕೆ ಬಂದ ಪಕ್ಕದ ಮನೆಯಾಕೆಗೂ ಹೇಳಿಕೊಂಡೆ.

ಸೊಸೆ ಹಿತ್ತಿಲಲ್ಲಿ ಹೋಳಿಗೆ ಹೆಂಚು ಉಜ್ಜುತ್ತಿದ್ದಳು. "ನೀನೂ ಅದನ್ನ ಮಾಡ್ತೀಯೇನೇ?" ಎಂದು ಕೇಳಿದೆ. "ಕಾಲೇಜಲ್ಲಿದ್ದಾಗ ಮಾಡ್ತಿದ್ದೆ ಅತ್ತೆ" ಎಂದವಳೇ ಹೆಂಚನ್ನು ಮಗುಚಿ ಇನ್ನೊಂದು ಮಗ್ಗುಲು ಉಜ್ಜತೊಡಗಿದಳು. ಮದುವೆಗೆ ಮುಂಚೆ ಎಂದು ಅವಳು ಹೇಳಲಿಲ್ಲ. ಆ ಲೆಕ್ಕ ನಾನೇ ಹಾಕಿಕೊಂಡೆ.

ಆಮೇಲೆ ಈ ವಿಷಯವನ್ನು ಇಬ್ಬರನ್ನೂ ಕೇಳಿ, ಸಿಕ್ಕಿದ್ದನ್ನು ಓದಿ ತಿಳಿದುಕೊಂಡೆ. ಸಾಮಾನ್ಯ ತಂತ್ರಾಂಶವೆಂದರೆ ಅಂಗಡಿಯ ಸಾರಿನಪುಡಿ ಪೊಟ್ಟಣ ಇದ್ದಹಾಗೆ. ಬಳಸಬಹುದು, ಯಾವುದನ್ನು ಎಷ್ಟು ಹಾಕಿ ಹುರಿದರೆಂದು ಹೇಳುವುದಿಲ್ಲ. ಮುಕ್ತ ತಂತ್ರಾಂಶವೆಂದರೆ ಪುಡಿಯ ಜೊತೆಗೆ ಅಳತೆಯ ಚೀಟಿಯನ್ನೂ ಕೊಟ್ಟಂತೆ. ಧನಿಯ ಹೆಚ್ಚಿಸಿ, ಮೆಣಸಿನಕಾಯಿ ಇಳಿಸಿ, ತಿದ್ದಿದ್ದನ್ನು ನಾಲ್ಕು ಮನೆಗೆ ಹಂಚಿ, ಯಾರ ಅಪ್ಪಣೆಯೂ ಬೇಡ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 'ಗ್ನೂ' ಎಂಬ ಯೋಜನೆಯನ್ನು ಸಾರಿ ಇದಕ್ಕೊಂದು ಚಳವಳಿಯ ರೂಪ ಕೊಟ್ಟರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 'ಲಿನಕ್ಸ್' ಬರೆದು ಹಂಚಿದರು. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಆ ಲಿನಕ್ಸೇ.

ತುಂಬ ಒಳ್ಳೆಯ ಕೆಲಸ, ಅನುಮಾನವಿಲ್ಲ. ಆದರೆ ಹೀಗೆ ಅಳತೆ ಹಂಚಿಕೊಂಡೇ ಸಂಸಾರ ನಡೆಸಿದ ಹೆಂಗಸರು ಇದರಲ್ಲಿ ಎಷ್ಟು ಜನ ಇದ್ದಾರೆ? 2006ರಲ್ಲಿ ಯುರೋಪಿನಲ್ಲಿ ನಡೆದ ಅಧ್ಯಯನವೊಂದು ನೂರಕ್ಕೆ ಒಂದೂವರೆ ಎಂದು ಲೆಕ್ಕ ಕೊಟ್ಟಿತು. ಸಂಬಳಕ್ಕೆ ತಂತ್ರಾಂಶ ಬರೆಯುವ ಕಡೆ ಆಗಲೇ ನೂರಕ್ಕೆ 28 ಹೆಂಗಸರಿದ್ದರು. ಇಂಥ ತಂತ್ರಾಂಶಗಳನ್ನು ಕೂಡಿ ಬರೆಯುವವರ ದೊಡ್ಡ ಜಗಲಿಯೆಂದರೆ 'ಗಿಟ್‌ಹಬ್'. ಅವರು 2017ರಲ್ಲಿ ಕೇಳಿ ನೋಡಿದಾಗ ನೂರಕ್ಕೆ 3. ದುಡ್ಡಿಗೆ ಮಾಡುವಲ್ಲಿ ಇರುವವಳು 'ಎಲ್ಲರಿಗೂ ಸೇರಿದ್ದು' ಎನ್ನುವಲ್ಲಿ ಏಕೆ ಇಲ್ಲ?

ಮಗನ ಉತ್ತರ ಸಿದ್ಧವಾಗಿತ್ತು. "ಬಾಗಿಲು ತೆಗೆದೇ ಇದೆಯಲ್ಲಮ್ಮ. ಜಾತಿ ಕೇಳಲ್ಲ, ಹೆಣ್ಣೋ ಗಂಡೋ ಕೇಳಲ್ಲ. ಆಸಕ್ತಿ ಇರೋರು ಬರಬಹುದು."

ಈ ಮಾತು ನನಗೆ ಹಳೆಯ ಪರಿಚಯ. ನಮ್ಮೂರ ಲೈಬ್ರರಿಯ ಬಾಗಿಲೂ ತೆಗೆದೇ ಇತ್ತು. ಸಂಜೆ ಆರಕ್ಕೆ, ಒಲೆ ಹಚ್ಚುವ ಹೊತ್ತಿಗೆ.

ಬುದ್ಧಿ ಸಾಲದು ಎನ್ನುತ್ತೀರಾ? 1946ರಲ್ಲಿ ಅಮೆರಿಕದಲ್ಲಿ 'ಎನಿಯಾಕ್' ಎಂಬ ಕಂಪ್ಯೂಟರನ್ನು ಲೋಕಕ್ಕೆ ತೋರಿಸಿದಾಗ ಅದಕ್ಕೆ ಲೆಕ್ಕ ಹೂಡಿದವರು ಆರು ಜನ ಹೆಂಗಸರು. ಮನುಷ್ಯರು ಬರೆದ ಸೂಚನೆಯನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಎಂಬುದಕ್ಕೆ 1952ರಲ್ಲಿ ದಾರಿ ತೆರೆದಾಕೆ ಗ್ರೇಸ್ ಹಾಪರ್. ಹಳೆಯ ಕತೆ ಬಿಡಿ. ಗಿಟ್‌ಹಬ್‌ನಲ್ಲಿ ಜನ ಕಳಿಸಿದ ತಿದ್ದುಪಡಿಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಹೆಂಗಸರದು ನೂರಕ್ಕೆ 78ರಷ್ಟು ಒಪ್ಪಿಗೆಯಾಗಿದ್ದರೆ ಗಂಡಸರದು 74. ಆದರೆ ಆ ಗುಂಪಿಗೆ ಹೊಸಬಳಾದವಳನ್ನು ಹೆಸರು, ಚಿತ್ರ ನೋಡಿ ಹೆಣ್ಣೆಂದು ಗುರುತಿಸುವಂತಿದ್ದರೆ, 72ರ ಹತ್ತಿರ ಇರುತ್ತಿದ್ದ ಒಪ್ಪಿಗೆ 62ರ ಹತ್ತಿರಕ್ಕೆ ಇಳಿಯುತ್ತಿತ್ತು. ಹೊಸ ಗಂಡಸರಿಗೂ ಇಳಿಯುತ್ತಿತ್ತು, ಇಷ್ಟಲ್ಲ. ಕೇಳುವುದಿಲ್ಲವಂತೆ. ಕೇಳಬೇಕಾಗಿಯೇ ಇಲ್ಲ, ಹಣೆ ನೋಡಿದರೆ ಸಾಕು!

ಆಸಕ್ತಿ ಇಲ್ಲ ಎನ್ನುತ್ತೀರಾ? 2006ರಲ್ಲಿ 'ಗ್ನೋಮ್' ಎಂಬ ಮುಕ್ತ ತಂತ್ರಾಂಶದವರಿಗೆ ಬೇಸಿಗೆ ತರಬೇತಿಗೆ 181 ಅರ್ಜಿ ಬಂದವು. ಒಂದೂ ಹೆಂಗಸರದಲ್ಲ. ಅವರಲ್ಲೇ ಕೆಲವರಿಗೆ ನಾಚಿಕೆಯಾಗಿ, ಹೆಂಗಸರಿಗಾಗಿಯೇ ಎಂದು ಹೇಳಿ ಕೆಲವೇ ಜಾಗಗಳಿಗೆ ಕರೆ ಕೊಟ್ಟರು. ನೂರು ಅರ್ಜಿ ಬಂದವು. ಆ ನೂರು ಜನ ರಾತ್ರೋರಾತ್ರಿ ಆಕಾಶದಿಂದ ಇಳಿದರೇ? ಬಾಗಿಲು ತೆರೆದಿಟ್ಟರೆ ಸಾಲದು, "ಒಳಗೆ ಬಾರಮ್ಮ" ಎನ್ನಬೇಕು. ಕರೆಯದ ಮನೆಗೆ ಹೋಗಬಾರದೆಂದು ನಮಗೆ ಕಲಿಸಿದವರು ನೀವೇ ಅಲ್ಲವೇ?

ಒಳಗೆ ಹೋದರೂ ಮಾತು ಹೇಗಿರುತ್ತಿತ್ತು? ಲಿನಕ್ಸಿನ ಯಜಮಾನರ ಬೈಗುಳ ಲೋಕಪ್ರಸಿದ್ಧವಾಗಿತ್ತು, ಅದನ್ನು ನೇರ ನುಡಿ ಎಂದು ಮೆಚ್ಚುವವರೂ ಇದ್ದರು. 2018ರಲ್ಲಿ ಸ್ವತಃ ಟೊರ್ವಾಲ್ಡ್ಸ್ ಕ್ಷಮೆ ಕೇಳಿ ಕೆಲವು ವಾರ ಕೆಲಸದಿಂದ ದೂರ ನಿಂತರು, ನಡತೆಗೊಂದು ನಿಯಮ ಬಂತು. ಇಪ್ಪತ್ತೇಳು ವರ್ಷ ಬೇಕಾಯಿತು.

ಇವೆಲ್ಲಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಅದು ಕಂಪ್ಯೂಟರಿನಲ್ಲಿಲ್ಲ, ನಮ್ಮ ಹಿತ್ತಿಲಲ್ಲಿದೆ. ಭಾರತ ಸರ್ಕಾರವೇ 2024ರಲ್ಲಿ ಜನ ದಿನವನ್ನು ಹೇಗೆ ಕಳೆಯುತ್ತಾರೆಂದು ಲೆಕ್ಕ ಹಾಕಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸು ದಿನಕ್ಕೆ 289 ನಿಮಿಷ ದುಡಿಯುತ್ತಾಳೆ. ಅದನ್ನು ಮಾಡುವ ಗಂಡಸು 88 ನಿಮಿಷ. ಮಾಡದ ಗಂಡಸರನ್ನು ಈ ಲೆಕ್ಕಕ್ಕೆ ಹಿಡಿದೇ ಇಲ್ಲ. ವ್ಯತ್ಯಾಸ 201 ನಿಮಿಷ. ವರ್ಷಕ್ಕೆ ಕೂಡಿಸಿ ನೋಡಿದೆ, ಸಾವಿರದ ಇನ್ನೂರು ಗಂಟೆಗೂ ಮೇಲೆ! ನನ್ನ ಮಗ ಲೋಕಕ್ಕೆ ದಾನ ಮಾಡಿದ್ದು ಯಾರ ಗಂಟೆಗಳನ್ನು? ಕೆರೆಯ ನೀರನ್ನು ಕೆರೆಗೆ ಚೆಲ್ಲುವವರಾದರೂ ಕೆರೆ ಯಾರದೆಂದು ಬಲ್ಲರು. ಇವನು ಹೆಂಡತಿಯ ಕೊಡದಿಂದ ಮೊಗೆದು ಪುಣ್ಯ ಕಟ್ಟಿಕೊಂಡ. ಪಕ್ಕದಲ್ಲಿ ಕಾಫಿ ಲೋಟ ಇಟ್ಟವಳು ನಾನು.

"ಈಗ ಲಿನಕ್ಸಿನ ಬಹುಪಾಲು ಕೆಲಸ ಮಾಡೋರು ಕಂಪನಿ ಸಂಬಳದವರೇ ಅಮ್ಮ" ಎಂದೂ ಮಗ ವಾದಿಸಿದ. ಸರಿಯಪ್ಪ. ಆ ಸಂಬಳಕ್ಕೆ ಕರೆಯುವಾಗ ಏನು ನೋಡುತ್ತಾರೆ? ಬಿಡುವಿನಲ್ಲಿ ಏನು ಬರೆದೆ, ತೋರಿಸು ಎನ್ನುತ್ತಾರೆ. ಬಿಡುವೇ ಇಲ್ಲದವಳು ಏನು ತೋರಿಸಬೇಕು, ಬೆಳಗಿದ ಹೆಂಚನ್ನೇ?

ಅಡುಗೆಯ ಹೋಲಿಕೆ ಕೊಟ್ಟೆನೆಂದು, "ಹಂಚುವುದು ಹೆಣ್ಣಿನ ಸಹಜ ಗುಣ" ಎಂದು ಹಾಡಿ ಹೊಗಳಿ ನಮ್ಮನ್ನು ಅಡುಗೆಮನೆಗೇ ಕಳಿಸುವ ಜಾಣರೂ ಇದ್ದಾರೆ. ಹೊಗಳಿಕೆ ಬೇಡ, ಹೊತ್ತು ಕೊಡಿ. ಗ್ನೋಮ್‌ನವರು 2010ರಲ್ಲಿ ಆ ಹೆಂಗಸರ ಕಾರ್ಯಕ್ರಮವನ್ನು ಮತ್ತೆ ಶುರು ಮಾಡಿದಾಗ ಅದನ್ನೇ ಮಾಡಿದರು. ಕಲಿಯುವವಳಿಗೆ ಹಣ, ಕೈ ಹಿಡಿದು ಕಲಿಸಲು ಒಬ್ಬರು, ಮನೆಯಿಂದಲೇ ಕೆಲಸ. 2015ರಲ್ಲಿ ಅದಕ್ಕೆ 'ಔಟ್‌ರೀಚಿ' ಎಂದು ಹೆಸರಾಯಿತು, ಅವಕಾಶ ಸಿಗದ ಬೇರೆಯವರಿಗೂ ತೆರೆದುಕೊಂಡಿತು. ಮನೆಯವರು ಹುಡುಗಿಯ ಹವ್ಯಾಸಕ್ಕೆ ಕೊಡದ ಹೊತ್ತನ್ನು ಅವಳ ದುಡಿಮೆಗೆ ಕೊಡುತ್ತಾರೆ, ಗುಟ್ಟು ಅಷ್ಟೇ.

ನಮಗೇಕೆ ಇದೆಲ್ಲ, ಎನ್ನಬೇಡಿ. ಮುಕ್ತ ತಂತ್ರಾಂಶಗಳ ಪರದೆಯ ಮೇಲೆ ಕಾಣುವ ಕನ್ನಡವನ್ನು ಅನುವಾದಿಸುವವರು ಹೆಚ್ಚಾಗಿ ಸ್ವಯಂಸೇವಕರೇ. ಅದಕ್ಕೆ ಎಂಜಿನಿಯರಿಂಗ್ ಬೇಕಿಲ್ಲ, ಒಳ್ಳೆಯ ಕನ್ನಡ ಬೇಕು. ಬಳಸುವಾಗ ಎಲ್ಲಿ ತೊಡಕಾಯಿತೆಂದು ಬರೆದು ತಿಳಿಸುವುದೂ ಒಂದು ಕೆಲಸವೇ. ಇವನ್ನೆಲ್ಲ 'ಸಹಾಯ' ಎಂದು ಕರೆದು ಪಕ್ಕಕ್ಕಿಡುವ ಅಭ್ಯಾಸ ಅಲ್ಲೂ ಇದೆ. ಕೆಲಸ ಎಂದೇ ಬರೆಸಿಕೊಳ್ಳಿ, ನಿಮ್ಮ ಹೆಸರಿನಲ್ಲಿ.

ದಸರೆ ರಜಕ್ಕೆ ಇಬ್ಬರೂ ಮತ್ತೆ ಬಂದರು. ಊಟವಾದ ಮೇಲೆ ಪಾತ್ರೆಯ ರಾಶಿಯನ್ನು ಮಗನಿಗೆ ತೋರಿಸಿದೆ. ಗೊಣಗಿಕೊಂಡೇ ಉಜ್ಜಿದ. ಎರಡು ಪಾತ್ರೆಯಲ್ಲಿ ಜಿಡ್ಡು ಉಳಿದಿತ್ತು, ನಾನು ಮುಟ್ಟಲಿಲ್ಲ. ಸೊಸೆ ನಡುಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಳು. ಹತ್ತು ನಿಮಿಷವೂ ಆಗಿರಲಿಲ್ಲ, ತಲೆಯೆತ್ತಿ, "ಅತ್ತೆ, ಕಾಫಿಗೆ ಇಡಲಾ?" ಎಂದಳು.

"ಕೂತ್ಕೊಳ್ಳೇ" ಎಂದೆ. ಸ್ವಲ್ಪ ಗದರಿಯೇ ಹೇಳಿದೆನೆಂದು ಕಾಣುತ್ತದೆ.