ಮಾವನವರ ಹೋಮ್ ಥಿಯೇಟರ್

ನಮ್ಮ ಮಾವನವರು ಬಿಟ್ಟುಹೋದ ಹೋಮ್ ಥಿಯೇಟರ್ ಗೊಟ್ಟಿಗೆರೆ ಮನೆಯ ಹಾಲ್‌ನಲ್ಲಿ ಅರ್ಧ ಗೋಡೆ ಹಿಡಿದು ಕೂತಿದೆ. ಸಬ್‌ವೂಫರ್ ಗರಗರ ಅನ್ನತೊಡಗಿತ್ತು. ಹೊಸ ಟೀವಿ ಬಂದ ಮೇಲಂತೂ ಅದಕ್ಕೂ ಇದಕ್ಕೂ ವೈರೇ ಕೂಡಲಿಲ್ಲ. "ಗುಜರಿಗೆ ಹಾಕಿ ಸೌಂಡ್‌ಬಾರ್ ತರೋಣಮ್ಮ" ಅಂದ ಮಗ. ಅತ್ತೆ ಮಾತಾಡಲಿಲ್ಲ, ಸ್ಪೀಕರ್ ಮೇಲಿನ ಧೂಳು ಒರೆಸಿ ಒಳಗೆ ಹೋದರು.

ಮರುದಿನ ಸಬ್‌ವೂಫರನ್ನು ಆಟೋಗೆ ಹಾಕ್ಕೊಂಡು ಎಸ್.ಪಿ. ರೋಡಿಗೆ ಹೋದೆ. ಅಂಗಡಿಯವರು ಜಾಲರಿ ಬಿಚ್ಚಿ ತೋರಿಸಿದರು. ಕೋನಿನ ಸುತ್ತಲಿನ ಫೋಮ್ ಮುಟ್ಟಿದರೆ ಪುಡಿಪುಡಿ. "ಕಾಯಿಲ್ ಚೆನ್ನಾಗಿದೆ ಮೇಡಂ, ಫೋಮ್‌ಗೆ ವಯಸ್ಸಾಗಿದೆ ಅಷ್ಟೇ." ಹೊಸ ಫೋಮ್ ಅಂಟಿಸಲು 600 ರೂಪಾಯಿ. ಟೀವಿಯ ಆಪ್ಟಿಕಲ್ ಔಟ್‌ನಿಂದ ಬರುವ ಡಿಜಿಟಲ್ ಸೌಂಡನ್ನು ಹಳೇ ಕೆಂಪು-ಬಿಳಿ ಪಿನ್ನಿಗೆ ಬದಲಿಸಿಕೊಡುವ 'ಡ್ಯಾಕ್' ಅನ್ನೋ ಪುಟ್ಟ ಡಬ್ಬಿಗೆ, ವೈರ್ ಸೇರಿ, 800. ಆಟೋ ಖರ್ಚು ಕೇಳಬೇಡಿ!

ಮನೆಗೆ ಬಂದು ಕೂಡಿಸಿದರೆ ಸದ್ದೇ ಇಲ್ಲ. ಟೀವಿ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ಸೌಂಡನ್ನು 'ಪಿಸಿಎಂ'ಗೆ ಇಡಬೇಕಿತ್ತು. ನಾನು ಎರಡು ಗಂಟೆ ಒದ್ದಾಡಿದ ಮೇಲೆ ಮಗನೇ ಹುಡುಕಿದ. ಈಗಲೂ ಬರೋದು ಎರಡೇ ಚಾನೆಲ್, ಐದು ದಿಕ್ಕಿನ ಸೌಂಡ್ ಅಲ್ಲ. ನಮಗೆ ಸಾಕು.

ಸಂಜೆ ಅತ್ತೆ ಬಂದು ಕೂತರು. "ಸ್ವಲ್ಪ ಜೋರು ಮಾಡಮ್ಮ, ಅವರು ಇಷ್ಟು ಕಮ್ಮಿ ಇಡ್ತಿರಲಿಲ್ಲ."