ಸುಣ್ಣಬಣ್ಣದ ಹೆಸರಲ್ಲಿ ಹನ್ನೆರಡನೆಯ ಬಾಡಿಗೆ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡುವಾಗ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಪದ್ಧತಿಯಾಗಿಬಿಟ್ಟಿದೆ. ಕೇಳಿದರೆ ‘ಪೇಂಟಿಂಗ್ ಚಾರ್ಜ್’ ಎನ್ನುತ್ತಾರೆ. ಹನ್ನೊಂದು ತಿಂಗಳಿದ್ದವರಿಗೂ ಅಷ್ಟೇ, ಐದು ವರ್ಷ ಇದ್ದವರಿಗೂ ಅಷ್ಟೇ. ಗೋಡೆ ಕೆಟ್ಟಿದೆಯೋ ಇಲ್ಲವೋ ನೋಡುವವರಿಲ್ಲ, ಬಣ್ಣ ಹಚ್ಚಿಸಿದ ರಸೀದಿ ತೋರಿಸುವವರಿಲ್ಲ. ಹಳೇ ಬಣ್ಣದಲ್ಲೇ ಮುಂದಿನವರನ್ನು ಒಳಗೆ ಕರೆದುಕೊಂಡು, ಅವರು ಹೋಗುವಾಗಲೂ ಅದೇ ಗೋಡೆಯ ಲೆಕ್ಕದಲ್ಲಿ ಮತ್ತೆ ಮುರಿದುಕೊಳ್ಳುವವರಿದ್ದಾರೆ. ಇದರ ಮೇಲೆ ‘ಕ್ಲೀನಿಂಗ್’ ಎಂದು ಇನ್ನಷ್ಟು. ಇದು ಅನ್ಯಾಯ. ಕರಾರಿನಲ್ಲಿ ಬರೆದಿದ್ದರೂ ಅನ್ಯಾಯವೇ.

ವಡಗೇರಾದಲ್ಲಿ ಕುಳಿತು ಬೆಂಗಳೂರಿನ ಬಾಡಿಗೆಯ ಚಿಂತೆ ಏಕೆಂದರೆ, ಆ ಅಡ್ವಾನ್ಸ್ ಹಣ ಹೋಗುವುದು ಇಲ್ಲಿಂದ. ಯಾದಗಿರಿ 2009ರ ಡಿಸೆಂಬರ್‌ನಲ್ಲೇ ಜಿಲ್ಲೆಯಾಯಿತು, ಶಹಾಪುರದಿಂದ ಬೇರೆಯಾಗಿ ವಡಗೇರಾ ತಾಲ್ಲೂಕೂ ಆಯಿತು. ದುಡಿಮೆ ಮಾತ್ರ ಇಲ್ಲಿಗೆ ಬರಲಿಲ್ಲ. ಯಾದಗಿರಿ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುವವರಲ್ಲಿ ಕಟ್ಟಡ ಕೆಲಸದ ಗೌಂಡಿಗಳಿದ್ದಾರೆ, ಸೆಕ್ಯೂರಿಟಿ ಕೆಲಸದವರಿದ್ದಾರೆ, ಡಿಗ್ರಿ ಮುಗಿಸಿ ವಿಜಯನಗರದಲ್ಲಿ ಕೋಚಿಂಗ್‌ಗೆ ಸೇರುವ ಹುಡುಗ ಹುಡುಗಿಯರಿದ್ದಾರೆ. ಧಾರವಾಡದ ಸಪ್ತಾಪುರಕ್ಕೆ ಓದಲು ಹೋಗುವವರೂ ಖೋಲಿಗೆ ಡಿಪಾಜಿಟ್ ಕಟ್ಟಿಯೇ ಹೋಗುತ್ತಾರೆ.

ಹತ್ತು ಸಾವಿರ ಬಾಡಿಗೆಯ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಎಂದರೆ ಒಂದು ಲಕ್ಷ. ನಮ್ಮ ಕಡೆಯ ಕುಟುಂಬಕ್ಕೆ ಒಂದು ಲಕ್ಷ ಎಂದರೆ ತೊಗರಿ ಮಾರಿದ ಹಣ, ಅಡವಿಟ್ಟ ಬಂಗಾರ, ತಾಯಿ ಸಂಘದಲ್ಲಿ ಎತ್ತಿದ ಸಾಲ. ಊರಲ್ಲಿ ಅದಕ್ಕೆ ಬಡ್ಡಿ ಬೆಳೆಯುತ್ತಿರುತ್ತದೆ, ಅಲ್ಲಿ ಮಾಲಕರ ಕೈಯಲ್ಲಿ ಅದೇ ಹಣ ಬಡ್ಡಿಯಿಲ್ಲದೆ ಕುಳಿತಿರುತ್ತದೆ. ಹನ್ನೊಂದು ತಿಂಗಳಿಗೆ ಮನೆ ಬಿಟ್ಟವನಿಂದ ಹತ್ತು ಸಾವಿರ ಮುರಿದುಕೊಂಡರೆ ಅವನು ಹನ್ನೊಂದು ತಿಂಗಳಿದ್ದು ಹನ್ನೆರಡು ಬಾಡಿಗೆ ಕೊಟ್ಟಂತಾಯಿತು. ಬಾಡಿಗೆಯನ್ನು ಸದ್ದಿಲ್ಲದೆ ಶೇಕಡ 9ರಷ್ಟು ಏರಿಸಿದ ಲೆಕ್ಕವದು. ಮನೆ ತೋರಿಸುವಾಗ ಹೇಳಿದ ಬಾಡಿಗೆ ಬೇರೆ, ವಸೂಲಾದದ್ದು ಬೇರೆ.

ಕಾನೂನು ಏನು ಹೇಳುತ್ತದೆ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ ಬಾಡಿಗೆದಾರನು ತಾನು ಪಡೆದ ಸ್ಥಿತಿಯಲ್ಲೇ ಮನೆಯನ್ನು ಹಿಂದಿರುಗಿಸಬೇಕು. ಆದರೆ ವಾಡಿಕೆಯ ಬಳಕೆಯಿಂದ ಆಗುವ ಸವಕಳಿಗೆ ಅವನು ಹೊಣೆಯಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಮು, ಕರಾರಿನಲ್ಲಿ ದಂಡದ ಮೊತ್ತ ನಮೂದಾಗಿದ್ದರೂ ಅದರ ಮಿತಿಯೊಳಗೆ ನ್ಯಾಯವಾದ ಪರಿಹಾರವಷ್ಟೇ ಸಲ್ಲುತ್ತದೆ ಎನ್ನುತ್ತದೆ. ನಷ್ಟವೇ ಆಗದಿದ್ದರೆ ಈ ಕಲಮಿನಡಿ ಪರಿಹಾರವಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಕೈಲಾಶ್ ನಾಥ್ ಅಸೋಸಿಯೇಟ್ಸ್ ಮತ್ತು ದೆಹಲಿ ಅಭಿವೃದ್ಧಿ ಪ್ರಾಧಿಕಾರದ ನಡುವಿನ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ‘ನೀನೇ ಸಹಿ ಹಾಕಿದ್ದೀಯಲ್ಲ’ ಎಂಬ ಮಾತಿಗೆ ಇದು ಗಟ್ಟಿ ಉತ್ತರ.

ಆದರೂ ಮಾಲಕರ ಪಾಲಿಗೆ ಒಂದು ಬಾಗಿಲು ತೆರೆದೇ ಇದೆ. 108ನೇ ಕಲಮು ಕರಾರಿಗೆ, ಸ್ಥಳೀಯ ರೂಢಿಗೆ ಒಳಪಟ್ಟದ್ದು. ಒಂದು ತಿಂಗಳು ಮುರಿಯುವುದೇ ಬೆಂಗಳೂರಿನ ರೂಢಿ ಎಂದು ವಾದಿಸಬಹುದು. ಆ ವಾದ ಕೋರ್ಟಿನಲ್ಲಿ ನಿಲ್ಲುತ್ತದೋ ಬೀಳುತ್ತದೋ ನೋಡಲು ಹತ್ತು ಸಾವಿರಕ್ಕಾಗಿ ಯಾವ ಗೌಂಡಿ ವಕೀಲರನ್ನು ಹಿಡಿದಾನು? ಒಂದು ದಿನದ ಕೆಲಸ ತಪ್ಪಿದರೆ ಅಂದಿನ ಪಗಾರ ಹೋಗುತ್ತದೆ. ಹಾಗಾಗಿ ಸುಮ್ಮನಾಗುತ್ತಾರೆ. ಅವರು ಸುಮ್ಮನಾದದ್ದೇ ಮುಂದೆ ರೂಢಿ ಎನಿಸಿಕೊಳ್ಳುತ್ತದೆ.

ಸವಕಳಿ ಯಾವುದು, ಹಾನಿ ಯಾವುದು? ಜಗಳವೆಲ್ಲ ಇರುವುದು ಇಲ್ಲಿ. ಬಿಸಿಲಿಗೆ ಮಾಸಿದ ಬಣ್ಣ, ಮಂಚ ತಾಗಿ ಗೋಡೆಯಲ್ಲಾದ ಗೆರೆ, ಒಗ್ಗರಣೆಯ ಹೊಗೆಗೆ ಅಡುಗೆ ಮನೆಯ ಮೇಲ್ಛಾವಣಿ ತುಸು ಹಳದಿಯಾದದ್ದು, ಇವೆಲ್ಲ ಮನುಷ್ಯರು ಬಾಳಿದ ಗುರುತು. ಬಾಡಿಗೆ ಕೊಟ್ಟದ್ದೇ ಆ ಬಾಳುವೆಗೆ. ಬೋರ್‌ವೆಲ್ ನೀರಿನ ಉಪ್ಪು ನಲ್ಲಿಗೆ, ಬಚ್ಚಲ ಟೈಲ್ಸ್‌ಗೆ ಬಿಳಿಯಾಗಿ ಕಟ್ಟಿಕೊಳ್ಳುವುದನ್ನು ನಮ್ಮ ಕಡೆ ಎಲ್ಲರೂ ಬಲ್ಲರು. ಆ ನೀರು ಮಾಲಕರ ಬೋರಿನದು, ತೊಳೆಯುವ ಖರ್ಚು ಮಾತ್ರ ಬಾಡಿಗೆದಾರರದು! ಮೇಲಿನ ಮನೆಯ ಪೈಪು ಸೋರಿ ಗೋಡೆಯ ಬಣ್ಣ ಎದ್ದರೂ ಕೆಳಗಿದ್ದವರ ಅಡ್ವಾನ್ಸ್‌ಗೇ ಕತ್ತರಿ. ವಾಶ್ ಬೇಸಿನ್ ಒಡೆದಿದ್ದರೆ, ಬಾಗಿಲ ಚಿಲಕ ಕಿತ್ತಿದ್ದರೆ, ಮಕ್ಕಳು ಗೋಡೆ ತುಂಬಾ ಗೀಚಿದ್ದರೆ, ಅದು ಹಾನಿ. ರಿಪೇರಿಯ ಬಿಲ್ಲಿನಷ್ಟು ಹಿಡಿದುಕೊಳ್ಳಲಿ, ಯಾರೂ ಬೇಡವೆನ್ನುವುದಿಲ್ಲ. ಅಲ್ಲಿಯೂ ಒಂದು ಮಾತು: ಐದು ವರ್ಷದ ಹಿಂದೆ ಹಚ್ಚಿದ ಬಣ್ಣಕ್ಕೆ ಹೊಸ ಬಣ್ಣದ ಪೂರ್ತಿ ಬೆಲೆ ಕೇಳುವುದು ಸರಿಯಲ್ಲ.

ಮಾಲಕರೆಲ್ಲರೂ ಸಿರಿವಂತರಲ್ಲ ಎಂಬುದನ್ನು ಬಲ್ಲೆ. ನಿವೃತ್ತಿಯ ಹಣದಲ್ಲಿ ಮೇಲೊಂದು ಮನೆ ಕಟ್ಟಿಸಿ ಅದರ ಬಾಡಿಗೆಯಲ್ಲೇ ಔಷಧಿ ಖರ್ಚು ನೀಗಿಸುವ ಹಿರಿಯರಿದ್ದಾರೆ. ಬಾಡಿಗೆ, ಕರೆಂಟ್ ಬಿಲ್ ಬಾಕಿ ಇಟ್ಟು ರಾತ್ರೋರಾತ್ರಿ ಹೋದವರಿಂದ ನೊಂದವರೂ ಇದ್ದಾರೆ. ಅವರಿಗೆ ಭದ್ರತೆ ಬೇಕು. ಆ ಭದ್ರತೆಗೆ ಎರಡು ತಿಂಗಳ ಬಾಡಿಗೆ ಸಾಕು, ಹತ್ತು ತಿಂಗಳದ್ದು ಬೇಕಿಲ್ಲ.

ಎರಡು ತಿಂಗಳು ಎಂಬುದು ನನ್ನ ಊಹೆಯಲ್ಲ. ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಯ ಠೇವಣಿಗೆ ಎರಡು ತಿಂಗಳ ಮಿತಿ ಹಾಕಿದೆ. ಮನೆ ವಶಕ್ಕೆ ಪಡೆಯುವಾಗಲೇ, ಬಾಕಿಯಿದ್ದರೆ ಅಷ್ಟನ್ನು ಕಳೆದು, ಠೇವಣಿ ಹಿಂದಿರುಗಿಸಬೇಕು ಎನ್ನುತ್ತದೆ. ನಲ್ಲಿಯ ವಾಷರ್, ಸ್ವಿಚ್ಚು, ಚರಂಡಿ ಶುಚಿ ಬಾಡಿಗೆದಾರನ ಹೊಣೆ ಎಂದು ಪಟ್ಟಿ ಮಾಡಿರುವ ಅದೇ ಕಾಯ್ದೆಯ ಅನುಸೂಚಿ, ಗೋಡೆಗೆ ಸುಣ್ಣ ಬಳಿಯುವುದನ್ನೂ ಬಾಗಿಲು ಕಿಟಕಿಗೆ ಬಣ್ಣ ಹಚ್ಚುವುದನ್ನೂ ಮಾಲಕರ ಪಾಲಿಗೆ ಬರೆದಿದೆ. ಆದರೆ ಬಾಡಿಗೆ ಕಾನೂನು ರಾಜ್ಯಗಳ ವಿಷಯ. ರಾಜ್ಯವೇ ಕಾಯ್ದೆ ಮಾಡದ ಹೊರತು ದೆಹಲಿಯ ಮಾದರಿ ಇಲ್ಲಿ ಜಾರಿಯಾಗದು. ಎರಡು ತಿಂಗಳ ಮಿತಿ ದೇಶಕ್ಕೆಲ್ಲ ಅನ್ವಯವಾಯಿತು ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಸಂದೇಶ ನಂಬಿ ಯಾರೂ ಮೋಸ ಹೋಗಬಾರದು.

ತಮಿಳುನಾಡು 2017ರಲ್ಲೇ ಕಾಯ್ದೆ ಮಾಡಿ ಠೇವಣಿಯನ್ನು ಮೂರು ತಿಂಗಳಿಗೆ ಮಿತಿಗೊಳಿಸಿತು. ಉತ್ತರ ಪ್ರದೇಶ 2021ರಲ್ಲಿ ಎರಡು ತಿಂಗಳೆಂದಿತು. ಇಂಗ್ಲೆಂಡಿನಲ್ಲಿ 2007ರಿಂದ ಠೇವಣಿಯನ್ನು ಸರ್ಕಾರ ಒಪ್ಪಿದ ಯೋಜನೆಯೊಂದರಲ್ಲಿ ಭದ್ರಪಡಿಸುವುದು ಕಡ್ಡಾಯ; ಏನಾದರೂ ಮುರಿದುಕೊಳ್ಳಬೇಕಾದರೆ ಸಾಕ್ಷ್ಯ ಒದಗಿಸುವ ಹೊಣೆ ಮಾಲಕರದು. ನಮ್ಮಲ್ಲಿರುವುದು 1999ರ ಕರ್ನಾಟಕ ಬಾಡಿಗೆ ಕಾಯ್ದೆ. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯವಾಗುವುದೇ ಇಲ್ಲ. ಆ ಬಾಡಿಗೆಗೆ ಇಂದು ಬೆಂಗಳೂರಿನಲ್ಲಿ ಸಂಸಾರಕ್ಕೆ ಎಂಥ ಮನೆ ಸಿಕ್ಕೀತು?

ಯಾದಗಿರಿ ಜಿಲ್ಲೆಗೆ ನಾಲ್ವರು ಶಾಸಕರಿದ್ದಾರೆ: ಸುರಪುರ, ಶಹಾಪುರ, ಯಾದಗಿರಿ, ಗುರುಮಠಕಲ್ ಕ್ಷೇತ್ರದವರು. ಗುಳೆ ಹೋಗುವವರ ಬಗ್ಗೆ ಅವರು ವೇದಿಕೆಯಲ್ಲಿ ಮಾತಾಡಿದ್ದು ಸಾಕು. ಠೇವಣಿಗೆ ಎರಡು ತಿಂಗಳ ಮಿತಿ, ಬಿಲ್ಲಿಲ್ಲದೆ ಒಂದು ರೂಪಾಯಿಯನ್ನೂ ಮುರಿಯದ ನಿಯಮ, ತಡ ಮಾಡಿದರೆ ಬಡ್ಡಿ ಸಮೇತ ವಾಪಸು, ಅರವತ್ತು ದಿನದೊಳಗೆ ತೀರ್ಮಾನ ಕೊಡುವ ಬಾಡಿಗೆ ಪ್ರಾಧಿಕಾರ, ಇಷ್ಟನ್ನು ಬರುವ ಬೆಳಗಾವಿ ಅಧಿವೇಶನದಲ್ಲಿ ನಾಲ್ವರೂ ಪಕ್ಷ ಮರೆತು ಒಟ್ಟಾಗಿ ಕೇಳಲಿ. ಅಲ್ಲಿಯವರೆಗೆ ಊರು ಬಿಟ್ಟು ಹೋಗುವ ಮಕ್ಕಳಿಗೆ ನಾವೇ ಹೇಳಿ ಕಳಿಸೋಣ: ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ, ಸಾಮಾನು ಇಳಿಸುವ ಮೊದಲು ಮನೆಯ ಮೂಲೆಮೂಲೆಯ ವಿಡಿಯೊ ಮಾಡಿಕೊಂಡು ಮಾಲಕರಿಗೂ ಕಳಿಸಿ, ಬಿಡುವಾಗ ಪ್ರತಿ ಕಡಿತಕ್ಕೂ ಬಿಲ್ ಕೇಳಿ. ಕೊಡದಿದ್ದರೆ ಮೂರು ವರ್ಷದೊಳಗೆ ದಾವೆ ಹೂಡುವ ಹಕ್ಕು ನಿಮಗಿದೆ.