ಆರತಿ ನೀರು ಕೆಂಪಾಗಲಿಲ್ಲ

ಹೋದ ವೈಶಾಖದಲ್ಲಿ ತಿರುಮಣಿಯ ನಮ್ಮ ಮನೆಯಲ್ಲಿ ತಂಗಿಯ ಮಗಳ ಮದುವೆ. ಗಂಡು ಹೆಣ್ಣು ಹೊಸಿಲ ಮುಂದೆ ನಿಂತಿದ್ದಾರೆ. ಆರತಿ ತಟ್ಟೆಯ ನೀರಿಗೆ ಅರಿಶಿನ ಕದಡಿ ಸುಣ್ಣ ಹಾಕಿದರೆ ಕೆಂಪಾಗಲೇ ಇಲ್ಲ. ಇನ್ನಷ್ಟು ಸುಣ್ಣ ಹಾಕಿದರೂ ಅದೇ ಹಳದಿ. ಹೆಂಗಸರು ಅಪಶಕುನ ಅಂದರು. ಅಮ್ಮ ಮಾತ್ರ "ಶಕುನ ಗಿಕುನ ಏನಿಲ್ಲ, ಇದು ಪಸುಪೇ ಅಲ್ಲ" ಅಂತ ಒಳಗಿಂದ ಕೊಂಬು ತಂದು ತೇದರು. ತಟ್ಟೆ ಕೆಂಪಾಯಿತು.

ಪೊಟ್ಟಣ ತಿರುಗಿಸಿ ನೋಡಿದೆ. ಮೂಲೆಯಲ್ಲಿ ಸಣ್ಣಕ್ಷರ: 'ಪೂಜೆಗೆ ಮಾತ್ರ'. ಅಂಗಡಿಯವನನ್ನು ಕೇಳಿದ್ದಕ್ಕೆ, "ತಿನ್ನೋಕಲ್ಲವಲ್ಲಣ್ಣ, ದೇವರಿಗೆ ತಾನೆ?" ಅಂದ.

ನಮ್ಮ ಹಿರಿಯರಲ್ಲಿ ದೇವರಿಗೊಂದು, ಸಾರಿಗೊಂದು ಅರಿಶಿನ ಇರಲಿಲ್ಲ. ಒಗ್ಗರಣೆಗೆ ಬಿದ್ದದ್ದೇ ಹೊಸಿಲಿಗೆ, ಹೆಂಗಸರ ಕೆನ್ನೆಗೆ, ಬಾಣಂತಿಯ ಮೈಗೆ. ಚಿನ್ನ ಇಲ್ಲದವರು ಅದೇ ಕೊಂಬನ್ನು ದಾರಕ್ಕೆ ಕಟ್ಟಿ ತಾಳಿ ಮಾಡಿದರು. ಸುಣ್ಣ ಬೆರೆಸಿ ಕುಂಕುಮ ಮಾಡಿಕೊಂಡರು. ನೊಗ ಉಜ್ಜಿ ಎತ್ತಿನ ಹೆಗಲು ಹುಣ್ಣಾದರೆ ನನ್ನಪ್ಪ ಎಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದರು. ಅರಿಶಿನದಿಂದ ಗಾಯ ಮಾಯಿಸುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟರಂತೆ! ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳನ್ನು ಮುಂದಿಟ್ಟು ವಾದಿಸಿ, 1997ರಲ್ಲಿ ಅದನ್ನು ರದ್ದು ಮಾಡಿಸಿತು. ಅಷ್ಟು ದೂರ ಹೋಗಿ ಉಳಿಸಿಕೊಂಡದ್ದನ್ನು ಮನೆಬಾಗಿಲಲ್ಲಿ ಬಣ್ಣದ ಹಿಟ್ಟಿಗೆ ಬಿಟ್ಟುಕೊಡುವುದೇ?

ಬೆರಕೆಯ ಬಣ್ಣಗಳಲ್ಲಿ ಮೆಟಾನಿಲ್ ಯೆಲ್ಲೋ ಒಂದು, ಸೀಸದ ಕ್ರೋಮೇಟ್ ಇನ್ನೊಂದು. ಸೀಸ ಮಕ್ಕಳ ಮಿದುಳಿಗೆ ಕೇಡು. ಬಾಂಗ್ಲಾದೇಶದಲ್ಲಿ ಕೊಂಬಿಗೇ ಇದನ್ನು ಬಳಿಯುವುದು ಪತ್ತೆಯಾಗಿ, 2019ರಲ್ಲಿ ಅಲ್ಲಿನ ಸರಕಾರ ಬಿಗಿ ಕ್ರಮ ಕೈಗೊಂಡಿತು. ಪೂಜೆಯ ಪುಡಿಯನ್ನು ದೇವರೇನೂ ತಿನ್ನುವುದಿಲ್ಲ. ಹಚ್ಚಿಕೊಳ್ಳುವ ಕೈ ನಮ್ಮದು, ಅದೇ ಕೈಯಲ್ಲಿ ಮಗುವಿಗೆ ತುತ್ತು. ಸುಣ್ಣದ ಪರೀಕ್ಷೆಯನ್ನೂ ಪೂರ್ತಿ ನಂಬಬೇಡಿ. ಕೆಂಪಾದರೆ ಅರಿಶಿನ ಇದೆ ಅಂತಷ್ಟೇ. ಜತೆಗೆ ಬೇರೇನಿದೆಯೋ ಅದು ಹೇಳುವುದಿಲ್ಲ.

ನಮ್ಮದು ಕಡ್ಲೆಕಾಯಿ ಸೀಮೆ. ಎಂಟೊಂಬತ್ತು ತಿಂಗಳು ನೀರು ಕೇಳುವ ಅರಿಶಿನವನ್ನು ಹೊಲದಲ್ಲಿ ಬೆಳೆಯಿರಿ ಅಂದರೆ ನೀವು ನಗುತ್ತೀರಿ. ಚಾಮರಾಜನಗರದವರು ಬೆಳೆಯಲಿ. ಆದರೆ ಬಚ್ಚಲ ನೀರು ಹರಿಯುವ ಕಡೆ ನಾಲ್ಕು ಬುಡಕ್ಕೆ ಜಾಗ ಯಾರಿಗಿಲ್ಲ? ಹೊಲವನ್ನೆಲ್ಲ ಸೋಲಾರಿಗೆ ಗುತ್ತಿಗೆ ಕೊಟ್ಟವರ ಹಿತ್ತಲೂ ಹಾಗೇ ಇದೆ. ಮುಂಗಾರು ಶುರುವಿನಲ್ಲಿ ಊರಿ, ಎಲೆ ಒಣಗಿದ ಮೇಲೆ ಅಗೆಯಿರಿ. ಕೊಂಬು ಬೇಯಿಸಿ, ಹತ್ತು ಹದಿನೈದು ದಿನ ಒಣಗಿಸಿದರೆ ಹಸಿಯ ಐದನೇ ಒಂದು ಪಾಲು ಉಳಿಯುತ್ತದೆ. ಕಡಿಮೆಯೇ. ಹೊಸಿಲಿಗೆ, ಸಾರಿಗೆ ಸಾಕು.

ಈ ಸಲ ಅಮ್ಮ ಬೀಜಕ್ಕೆಂದು ಒಂದು ಬುಟ್ಟಿ ಗಡ್ಡೆಯನ್ನು ಮರಳಲ್ಲಿ ಹೂತಿಟ್ಟಿದ್ದಾರೆ. ಮಳೆ ಬಿದ್ದ ಮೇಲೆ ಬನ್ನಿ, ಮನೆಗೆ ನಾಲ್ಕರಂತೆ ಕೊಡುತ್ತೇವೆ.